ಮೊದಲ ಚೆಂಡಿಗೆ ಮುಂಚೆ

ಐಪಿಎಲ್‌ನ ಪಾಯಿಂಟ್ಸ್ ಟೇಬಲ್ ವರ್ಷದಲ್ಲಿ ಅತಿ ಚೆಂದ ಕಾಣೋದು ಯಾವಾಗ ಗೊತ್ತಾ? ಒಂದೂ ಮ್ಯಾಚು ಆಗದೇ ಇದ್ದಾಗ. ಹತ್ತು ತಂಡ, ಎಲ್ಲರ ಹೆಸರಿನ ಮುಂದೆಯೂ ಸೊನ್ನೆ. ಆಡಿದ್ದು ಸೊನ್ನೆ, ಗೆದ್ದಿದ್ದು ಸೊನ್ನೆ, ಸೋತಿದ್ದೂ ಸೊನ್ನೆ. ಐದು ಸಲ ಕಪ್ ಎತ್ತಿದ ಮುಂಬೈ, ಐದು ಸಲ ಎತ್ತಿದ ಚೆನ್ನೈ, ಹದಿನೇಳು ವರ್ಷದಲ್ಲಿ ಒಂದು ಸಲವೂ ಎತ್ತದ ನಾವು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿದ್ದೀವಿ. ಇನ್ನೂ ಯಾರಿಗೂ ಬಡಿಸಿಲ್ಲ.

ಇದನ್ನು ಬರೀತಿರೋದು 2025ರ ಮಾರ್ಚ್ 19, ಬುಧವಾರ. ಶನಿವಾರ ರಾತ್ರಿ ಏಳೂವರೆಗೆ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಹದಿನೆಂಟನೇ ಸೀಸನ್ನಿನ ಮೊದಲ ಚೆಂಡು ಬೀಳುತ್ತೆ. ಆಡುವವರು ಕೋಲ್ಕತ್ತ ಮತ್ತು ನಾವು. 2008ರ ಏಪ್ರಿಲ್ 18ಕ್ಕೆ ಇಡೀ ಐಪಿಎಲ್ ಶುರುವಾಗಿದ್ದೂ ಇದೇ ಎರಡು ತಂಡಗಳಿಂದಲೇ. ಅವತ್ತು ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮವರು ಹನ್ನೊಂದು ಜನ ಸೇರಿ 82. ಸಿರುಗುಪ್ಪದಲ್ಲಿ ಅವತ್ತು ನಡುವೆ ಕರೆಂಟು ಹೋಗಿತ್ತು. ವಾಪಸ್ ಬರೋ ಹೊತ್ತಿಗೆ ಐದು ವಿಕೆಟ್ ಹೋಗಿದ್ವು. ನಮ್ಮ ಪ್ರೀತಿ ಶುರುವಾಗಿದ್ದೇ ಹಂಗೆ.

ಸಿರುಗುಪ್ಪ ಎಲ್ಲಿದೆ ಅಂತ ಆಫೀಸಿನಲ್ಲಿ ಕೇಳುವವರಿಗೆ ನಾನು ಹೇಳೋದು ಇಷ್ಟು: ಬಳ್ಳಾರಿ ದಾಟಿ ಭತ್ತದ ಗದ್ದೆ ಹಿಡಿದು ಹೋಗ್ತಾ ಇರಿ, ಆಂಧ್ರ ಶುರುವಾಗೋ ಮುಂಚೆ ನಿಲ್ಲಿಸಿ. ಚಿನ್ನಸ್ವಾಮಿ ಸ್ಟೇಡಿಯಂ ನಮ್ಮೂರಿಂದ ಸುಮಾರು 350 ಕಿಲೋಮೀಟರ್. ಹೈದರಾಬಾದೂ ಹೆಚ್ಚುಕಮ್ಮಿ ಅಷ್ಟೇ. 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಅವತ್ತು ನಾವು ಮೈಸೂರಿಗೆ ಬಂದ್ವಿ, ಆದೋನಿ, ಆಲೂರು, ರಾಯದುರ್ಗ ಆ ಕಡೆ ಉಳಿದವು. ನಕ್ಷೆ ಮೇಲೆ ಗೆರೆ ಎಳೆದರು, ಬಾಯಲ್ಲಿ ಎಳೆಯೋಕೆ ಆಗಲಿಲ್ಲ. ಇವತ್ತಿಗೂ ಬಳ್ಳಾರಿ ಕೌಲ್ ಬಜಾರಿನಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಲ್ಲಿ ಮುಗಿಯುತ್ತೆ, ನಡುವೆ ಒಂದು ಉರ್ದು ಪದ ಚಹಾ ಕುಡಿದು ಹೋಗುತ್ತೆ.

ಹಿಂಗಾಗಿ ನಮ್ಮ ಕಡೆ ಆರ್‌ಸಿಬಿ ಫ್ಯಾನ್ ಆಗೋದು ತಾನಾಗೇ ಆಗೋ ಕೆಲಸ ಅಲ್ಲ. ಬೆಂಗಳೂರಿನ ಹುಡುಗನಿಗೆ ಆರ್‌ಸಿಬಿ ಮನೆ ಮುಂದಿನ ಮರ ಇದ್ದಂಗೆ, ಹುಟ್ಟಿದಾಗಿಂದ ಇರುತ್ತೆ. ನಮಗೆ ಅದು ಆರಿಸಿಕೊಂಡಿದ್ದು. ಪಿಯುಸಿಗೆ ಬಳ್ಳಾರಿ ಹಾಸ್ಟೆಲಿಗೆ ಬಂದಾಗ ನನ್ನ ರೂಮ್‌ಮೇಟ್ ಮನೆಯಲ್ಲಿ ತೆಲುಗು ಮಾತಾಡೋನು. ಅವನ ತಂಡ ಹೈದರಾಬಾದ್, ಆಗ ಡೆಕ್ಕನ್ ಚಾರ್ಜರ್ಸ್, ಆಮೇಲೆ ಸನ್‌ರೈಸರ್ಸ್. ನಾನು 2009ರ ಫೈನಲ್ ಗಾಯ ಒಣಗೋ ಮುಂಚೆಯೇ ಅವನ ಪಕ್ಕದ ಕಾಟಿಗೆ ಬಿದ್ದಿದ್ದೆ. ಜೋಹಾನ್ಸ್‌ಬರ್ಗ್‌ನಲ್ಲಿ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ತೆಗೆದ ಮೇಲೂ ನಾವು ಆರು ರನ್ನಿಂದ ಸೋತಿದ್ವಿ. 2011ರಲ್ಲಿ ಚೆನ್ನೈ 58 ರನ್ನಿಂದ ಹೊಡೀತು, ಅದರಲ್ಲಿ ಸಂಕಟ ಕಡಿಮೆ, ಬೇಗ ಗೊತ್ತಾಗಿತ್ತು. 2016ರಲ್ಲಿ ಮತ್ತೆ ಹೈದರಾಬಾದ್, ನಮ್ಮದೇ ಚಿನ್ನಸ್ವಾಮಿಯಲ್ಲಿ, ಎಂಟು ರನ್. ನನ್ನ ಗೆಳೆಯ ಆರು ಮತ್ತು ಎಂಟನ್ನು ಕೂಡಿಸಿ ಇಟ್ಟುಕೊಂಡಿದ್ದಾನೆ. ಪ್ರತಿ ಮಾರ್ಚಿಗೂ ಒಂದು ಮೆಸೇಜ್ ಬರುತ್ತೆ: “ಹದಿನಾಲ್ಕು ರನ್ ಬಾಕಿ ಐತಿ, ಈ ಸಲನಾದ್ರೂ ತೀರಿಸ್ತೀಯೇನು?” ಅದರ ಹಿಂದೆಯೇ ತೆಲುಗಲ್ಲಿ, “ಈಸಾರಿ ಕೂಡಾ ಅಂತೇರಾ.” ಈ ಸಲವೂ ಅಷ್ಟೇ ಕಣೋ ಅಂತ.

ಡೆಕ್ಕನ್ ಚಾರ್ಜರ್ಸ್ ಬೇರೆ ಕಂಪನಿ, ಸನ್‌ರೈಸರ್ಸ್ ಬೇರೆ ಕಂಪನಿ, ಆ ಸಾಲ ಇವರಿಗೆ ವರ್ಗ ಆಗಲ್ಲ ಅಂತ ನಾನು ಹನ್ನೆರಡು ವರ್ಷದಿಂದ ವಾದ ಮಾಡ್ತಿದ್ದೀನಿ. ಕೇಸು ಇನ್ನೂ ಇತ್ಯರ್ಥ ಆಗಿಲ್ಲ.

‘ಈ ಸಲ ಕಪ್ ನಮ್ದೇ’ ಅನ್ನೋದರಲ್ಲಿ ‘ನಮ್ದು’ ಅಂದ್ರೆ ಯಾರದ್ದು ಅಂತಲೂ ಅವನು ಕೆಣಕ್ತಾನೆ. ನಮ್ಮೂರಿಗೆ ಬೆಂಗಳೂರು ಎಲ್ಲಿಂದ ‘ನಮ್ದು’ ಆಯ್ತಲೇ ಅಂತ. ಮಾತು ಪೂರಾ ಸುಳ್ಳಲ್ಲ. ಬಳ್ಳಾರಿ ಹೆಸರಿನದ್ದೇ ಒಂದು ತಂಡ ಇತ್ತು, ಕೆಪಿಎಲ್‌ನಲ್ಲಿ ಬಳ್ಳಾರಿ ಟಸ್ಕರ್ಸ್. ನಾವು ಐಪಿಎಲ್ ಫೈನಲ್ ಸೋತು ಅತ್ತ 2016ರಲ್ಲೇ ಅವರು ಕೆಪಿಎಲ್ ಗೆದ್ದರು. ಅಂದರೆ ಆ ಸಲ ಕಪ್ ನಿಜವಾಗಿಯೂ ನಮ್ದೇ! ಆದರೆ ರಾಯಲ್ ಸರ್ಕಲ್‌ನಲ್ಲಿ ಪಟಾಕಿ ಹೊಡೆದಿದ್ದು ನನಗೆ ನೆನಪಿಲ್ಲ, ಒಗ್ಗಾಣಿ ಮಿರ್ಚಿ ಅಂಗಡಿಯಲ್ಲಿ ಯಾರೂ ಆ ಮಾತು ಎತ್ತಿದ್ದೂ ನೆನಪಿಲ್ಲ. 2019ರ ಫಿಕ್ಸಿಂಗ್ ಪ್ರಕರಣಗಳ ನಂತರ ಕೆಪಿಎಲ್ ನಿಂತುಹೋಯಿತು. 2022ರಲ್ಲಿ ಅದರ ಜಾಗಕ್ಕೆ ಮಹಾರಾಜ ಟ್ರೋಫಿ ಬಂದಾಗ ಆರು ತಂಡಗಳಲ್ಲಿ ಬಳ್ಳಾರಿ ಇರಲಿಲ್ಲ. ಗೆದ್ದ ತಂಡವನ್ನು ನಾವು ಮರೆತ್ವಿ, ಸೋಲೋ ತಂಡವನ್ನು ಎದೆ ಮೇಲೆ ಹಾಕ್ಕೊಂಡು ಓಡಾಡ್ತೀವಿ. ಯಾಕೆ ಅಂದ್ರೆ, ನನಗನ್ನಿಸೋದು, ಟಸ್ಕರ್ಸ್‌ಗೋಸ್ಕರ ನಾವು ಯಾವತ್ತೂ ಕಾದಿರಲಿಲ್ಲ. ಕಾಯದೇ ಸಿಕ್ಕಿದ್ದು ನಮ್ದಾಗಲ್ಲ. ಆರ್‌ಸಿಬಿಯಲ್ಲಿ ನಮ್ಮ ಹದಿನೇಳು ಮಾರ್ಚ್‌ಗಳು ಠೇವಣಿ ಇದ್ದಾವೆ.

ಈ ಮಾರ್ಚಿನ ಕೆಲಸ ಏನೇನು ಅಂತ ಹೊರಗಿನವರಿಗೆ ಗೊತ್ತಿರಲ್ಲ. ಇದು ನವೆಂಬರಿನಲ್ಲಿ ಶುರುವಾಗುತ್ತೆ. ಜೆಡ್ಡಾದಲ್ಲಿ ಎರಡು ದಿನ ಹರಾಜು ನಡೀತು, ನಾನು ಎರಡು ದಿನವೂ ಒಂದು ಸ್ಕ್ರೀನಿನಲ್ಲಿ ಕೆಲಸ, ಇನ್ನೊಂದರಲ್ಲಿ ಹರಾಜು ಇಟ್ಟುಕೊಂಡಿದ್ದೆ. ಸಿರಾಜ್ ಹನ್ನೆರಡು ಕಾಲು ಕೋಟಿಗೆ ಗುಜರಾತಿಗೆ ಹೋದ, ಹೊಟ್ಟೆ ಉರೀತು. ಕೆ.ಎಲ್. ರಾಹುಲ್ ಬರ್ತಾನೆ ಅಂತ ಇಡೀ ಕರ್ನಾಟಕ ಬಾಗಿಲು ತೆಗೆದು ಕೂತಿತ್ತು, 14 ಕೋಟಿಗೆ ದೆಹಲಿಗೆ ಹೋದ. ಇಷ್ಟು ದುಡ್ಡು ಇಟ್ಕೊಂಡು ಏನು ಮಾಡ್ತಿದ್ದಾರೆ ಇವರು ಅಂತ ಬೈದ್ವಿ. ಆಮೇಲೆ ನಿಧಾನಕ್ಕೆ ಲೆಕ್ಕ ಕಾಣಿಸ್ತು. ಹೇಜಲ್‌ವುಡ್ ಹನ್ನೆರಡೂವರೆ ಕೋಟಿ, ಭುವನೇಶ್ವರ್ ಹತ್ತೂಮುಕ್ಕಾಲು, ಕೃಣಾಲ್ ಪಾಂಡ್ಯ ಐದೂಮುಕ್ಕಾಲು. ಅರೆ, ಈ ಸಲ ಬೌಲರ್‌ಗಳನ್ನ ತಗೊಂಡಿದ್ದಾರೆ! ಹದಿನೇಳು ವರ್ಷ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳನ್ನು ಕೊಂಡು, 200 ಹೊಡೆದು, 201 ಕೊಟ್ಟು ಮನೆಗೆ ಬಂದವರು ಕೊನೆಗೂ ಬಚ್ಚಲ ತೂತು ಮುಚ್ಚೋಕೆ ಹೊರಟಿದ್ದಾರೆ. ಹೋದ ವರ್ಷ ಇದೇ ಹೈದರಾಬಾದ್ ಚಿನ್ನಸ್ವಾಮಿಯಲ್ಲಿ ನಮ್ಮ ಮೇಲೆ 287 ಹೊಡೆದಿತ್ತು, ಐಪಿಎಲ್‌ನಲ್ಲೇ ಅತಿ ಹೆಚ್ಚು. ನಾವು 262 ಹೊಡೆದು ಸೋತ್ವಿ. 262 ಹೊಡೆದು ಸೋಲೋಕೂ ಒಂದು ಪ್ರತಿಭೆ ಬೇಕು.

ಫೆಬ್ರವರಿ 13ಕ್ಕೆ ಕ್ಯಾಪ್ಟನ್ ಹೆಸರು ಬಂತು. ಕೊಹ್ಲಿ ಅಲ್ಲ, ರಜತ್ ಪಾಟಿದಾರ್. ಹೆಚ್ಚು ಮಾತಿಲ್ಲದ ಮನುಷ್ಯ. ನಮ್ಮಂಥ ಗದ್ದಲದ ಮನೆಗೆ ಮಾತಾಡದ ಯಜಮಾನ ಒಳ್ಳೇದೇ ಅನ್ನಿಸ್ತು. ಪಟ್ಟಿಯ ಕೆಳಗಡೆ 30 ಲಕ್ಷಕ್ಕೆ ಇನ್ನೊಂದು ಹೆಸರು, ಮನೋಜ್ ಭಾಂಡಗೆ. ನಮ್ಮ ಪಕ್ಕದ ರಾಯಚೂರಿನ ಹುಡುಗ. ಆಡೋ ಹನ್ನೊಂದರಲ್ಲಿ ಬರ್ತಾನೋ ಇಲ್ವೋ ಗೊತ್ತಿಲ್ಲ. ಆದರೆ ಬರೀ ಸೊನ್ನೆಗಳಿರೋ ಈ ಮಾರ್ಚಿನಲ್ಲಿ ಅವನೂ ಬರಬಹುದು, ಕೊನೇ ಓವರಿನಲ್ಲಿ ಮೂರು ಸಿಕ್ಸ್ ಹೊಡೀಬಹುದು. ಯಾರು ಬೇಡ ಅಂತಾರೆ?

ಇನ್ನು ವಾಟ್ಸ್ಯಾಪ್ ಗ್ರೂಪಿನ ಜ್ಯೋತಿಷ್ಯ. ಇದು 18ನೇ ಸೀಸನ್, ಕೊಹ್ಲಿ ಜೆರ್ಸಿ ನಂಬರ್ 18. ಹೋದ ವರ್ಷ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸಾಲಾಗಿ ಆರು ಗೆದ್ದು ಪ್ಲೇಆಫ್‌ಗೆ ಹೋಗಿದ್ವಲ್ಲ, ಆ ಚೆನ್ನೈ ಮ್ಯಾಚು ಆಗಿದ್ದು ಮೇ 18ಕ್ಕೆ, ಕಡಿಮೆ ಅಂದ್ರೂ 18 ರನ್ನಿಂದ ಗೆಲ್ಲಬೇಕಿತ್ತು, ಗೆದ್ದಿದ್ದು 27ರಿಂದ. ಇಂಜಿನಿಯರಿಂಗ್ ಓದಿ, ದಿನವಿಡೀ ಡೇಟಾ ನೋಡಿ ಸಂಬಳ ತಗೊಳ್ಳೋ ಹುಡುಗರು ಇದನ್ನೆಲ್ಲಾ ಗಂಭೀರವಾಗಿ ಫಾರ್ವರ್ಡ್ ಮಾಡ್ತಾರೆ. ನಾನೂ ಮಾಡಿದೆ.

ಮೊನ್ನೆ ಸೋಮವಾರ ಚಿನ್ನಸ್ವಾಮಿಯಲ್ಲಿ ಅನ್‌ಬಾಕ್ಸ್ ಕಾರ್ಯಕ್ರಮ ಆಯಿತು. ಪ್ರಾಕ್ಟೀಸ್ ನೋಡೋಕೆ ಜನ ಟಿಕೆಟ್ ತಗೊಂಡು ಹೋಗ್ತಾರೆ ಅಂದ್ರೆ ನಮ್ಮಮ್ಮ ನಂಬಲ್ಲ. ಹೋದ ವರ್ಷ ಇದೇ ಕಾರ್ಯಕ್ರಮದಲ್ಲಿ ತಂಡದ ಹೆಸರು ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಆಗಿತ್ತು. ನಮ್ಮ ಜಿಲ್ಲೆಗೆ ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಸಿಕ್ಕಿದ್ದು 2014ರಲ್ಲಿ. ಈ ವಿಷಯದಲ್ಲಾದರೂ ನಾವು ಹತ್ತು ವರ್ಷ ಮುಂದೆ. ಹೋದ ವರ್ಷ ಅದಕ್ಕೂ ಎರಡು ದಿನ ಮುಂಚೆ, ಮಾರ್ಚ್ 17ಕ್ಕೆ, ನಮ್ಮ ಹೆಣ್ಣುಮಕ್ಕಳು ದೆಹಲಿಯಲ್ಲಿ ಡಬ್ಲ್ಯೂಪಿಎಲ್ ಕಪ್ ಗೆದ್ದಿದ್ರು. ಎರಡನೇ ವರ್ಷಕ್ಕೇ! ಈ ವರ್ಷ ಅವರು ಬೆಂಗಳೂರಿನಲ್ಲಿ ಆಡಿದ ನಾಲ್ಕಕ್ಕೆ ನಾಲ್ಕೂ ಸೋತು ಫೈನಲ್ ಮುಟ್ಟಲಿಲ್ಲ. ಗೆದ್ದವರೂ ಮುಂದಿನ ವರ್ಷ ಸೊನ್ನೆಯಿಂದಲೇ ಶುರು ಮಾಡಬೇಕು. ಅದು ಸಮಾಧಾನವೂ ಹೌದು, ಭಯವೂ ಹೌದು.

ನಮ್ಮ ಟೀಮಿನಲ್ಲಿ ಶಿಕಾಗೋದಿಂದ ಕೆಲಸ ಮಾಡೋ ಒಬ್ಬರಿದ್ದಾರೆ. ಫೆಬ್ರವರಿಯಲ್ಲಿ ಒಂದು ಕಾಲ್ ಮುಗಿಯೋ ಹೊತ್ತಿಗೆ, ಹೊರಗೆ ಇನ್ನೂ ಹಿಮ ಬೀಳ್ತಿದೆ, ಆದರೂ ಇವತ್ತು ಖುಷಿ, ನಮ್ಮ ಬೇಸ್‌ಬಾಲ್ ತಂಡದ ಬೌಲರ್‌ಗಳು ಅರಿಜೋನಾಕ್ಕೆ ಬಂದಿಳಿದರು ಅಂದ್ರು. ಚೆಂಡೆಸೆಯೋನಿಗೆ ಅಲ್ಲಿ ಪಿಚರ್ ಅಂತಾರೆ, ನನಗೆ ಅರ್ಥ ಆಗಲಿ ಅಂತ ಬೌಲರ್ ಅಂದಿದ್ದು. ಅಲ್ಲಿ ಚಳಿ ಮುಗಿಯೋ ಮುಂಚೆ ತಂಡಗಳೆಲ್ಲ ಫ್ಲಾರಿಡಾ, ಅರಿಜೋನಾದಂಥ ಬೆಚ್ಚನೆ ಊರಿಗೆ ಹೋಗಿ ಒಂದೂವರೆ ತಿಂಗಳು ಪ್ರಾಕ್ಟೀಸ್ ಮಾಡ್ತಾವೆ. ಲೆಕ್ಕಕ್ಕಿಲ್ಲದ ಆಟಗಳು, ಆದರೂ ಜನ ರಜೆ ಹಾಕಿ ನೋಡೋಕೆ ಹೋಗ್ತಾರೆ. ಇವರ ತಂಡ ಶಿಕಾಗೋ ಕಬ್ಸ್. 1908ರಲ್ಲಿ ಗೆದ್ದವರು ಮತ್ತೆ ಗೆದ್ದಿದ್ದು 2016ರಲ್ಲಿ. ನೂರಾ ಎಂಟು ವರ್ಷ! ನಾನು ನಮ್ಮ ಹದಿನೇಳು ವರ್ಷದ ಕಥೆ ಹೇಳೋಕೆ ಬಾಯಿ ತೆಗೆದವನು ಸುಮ್ಮನಾದೆ. ಗೆದ್ದ ರಾತ್ರಿ ಏನನ್ನಿಸ್ತು ಅಂತ ಮಾತ್ರ ಕೇಳಿದೆ. ಅಜ್ಜನ ನೆನಪಾಯ್ತು ಅಂದ್ರು. ಅಜ್ಜ ಎಂಬತ್ತೂ ಚಿಲ್ಲರೆ ವರ್ಷ ಬದುಕಿದ್ದು, ಎಲ್ಲಾ ಮಾರ್ಚ್‌ಗಳನ್ನೂ ನೋಡಿ, ಆ ಒಂದು ರಾತ್ರಿ ನೋಡದೇ ಹೋದರಂತೆ. “ಆದರೆ ಅವರ ಜೀವನ ಹಾಳಾಯ್ತು ಅಂತ ನನಗೆ ಅನ್ನಿಸಲ್ಲ” ಅಂದ್ರು. ಆ ಮಾತು ಅವತ್ತಿಂದ ತಲೆಯಲ್ಲಿದೆ. ಯಾಕಂದ್ರೆ ಕಾದು ಕಾದು ಹಾಳಾದ ಒಬ್ಬರನ್ನ ನಾನು ಮನೆಯಲ್ಲೇ ನೋಡಿದ್ದೀನಿ.

ಸಿರುಗುಪ್ಪದಲ್ಲಿ ನನಗೆ ಬ್ಯಾಟು ಹಿಡಿಯೋದು ಕಲಿಸಿದ್ದು ದೊಡ್ಡಪ್ಪನ ಮಗ. ನನಗಿಂತ ಆರು ವರ್ಷ ದೊಡ್ಡವನು. ನಾನು ಅಣ್ಣಾ ಅಂತೀನಿ, ಊರಲ್ಲೂ ಅರ್ಧ ಹುಡುಗರು ಹಂಗೇ ಕರೀತಾರೆ. ಭತ್ತ ಕೊಯ್ದ ಗದ್ದೆಯಲ್ಲಿ ಕೂಳೆ ತುಳಿದು ತುಳಿದು ಪಿಚ್ಚು ಮಾಡೋದು, ಟೆನಿಸ್ ಬಾಲಿಗೆ ಟೇಪು ಸುತ್ತೋದು, ಎಲ್ಲಾ ಅವನ ಇಲಾಖೆ. 2008ರಿಂದ ಪ್ರತಿ ಸೀಸನ್ನಿಗೂ ಮುಂಚೆ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಲ್ಲಾ ಲೀಗ್ ಮ್ಯಾಚು ಬರೆದು, ಪಕ್ಕದಲ್ಲಿ ‘ಗೆ’ ಅಥವಾ ‘ಸೋ’ ಅಂತ ಹಾಕ್ತಿದ್ದ. ಯಾವ ವರ್ಷವೂ ಮೂರಕ್ಕಿಂತ ಹೆಚ್ಚು ‘ಸೋ’ ಇರ್ತಿರಲಿಲ್ಲ.

2016ರಲ್ಲಿ ನಮ್ಮ ಕಡೆ ಬರ. ಎಲ್‌ಎಲ್‌ಸಿ ಕಾಲುವೆಯಲ್ಲಿ ನೀರಿಲ್ಲ, ಎರಡನೇ ಬೆಳೆ ಹಾಕೋ ಮಾತೇ ಇಲ್ಲ. ಗದ್ದೆ ಬಿರುಕು ಬಿಟ್ಟು ಕೂತಿತ್ತು, ಹೊಲದ ಕೆಲಸ ಇಲ್ಲದ ಗಂಡಸರು ಬಜಾರಿನಲ್ಲಿ. ಅದೇ ವರ್ಷ ಕೊಹ್ಲಿ ಹುಚ್ಚು ಹಿಡಿದಂಗೆ ಆಡಿದ, ಒಂದೇ ಸೀಸನ್ನಿನಲ್ಲಿ 973 ರನ್. ಮೇ 29ಕ್ಕೆ ಫೈನಲ್. ಹೈದರಾಬಾದ್ 208. ನಾವು ಚೇಸ್ ಮಾಡೋಕೆ ಇಳಿದು, ಗೇಲ್ ಮತ್ತು ಕೊಹ್ಲಿ ವಿಕೆಟ್ ಕೊಡದೇ ನೂರು ದಾಟಿಸಿದರು. ಹತ್ತು ಓವರ್ ಮುಗಿದಿತ್ತು. ಪಡಸಾಲೆಯಲ್ಲಿ ನಾವು ಎಂಟು ಹತ್ತು ಜನ. ಅಣ್ಣ ಎದ್ದು ಫೋನ್ ಹಿಡ್ಕೊಂಡು ಅಂಗಳಕ್ಕೆ ಹೋಗಿ ಬಂದ. ಬಂದು ಕೂತವನ ಮುಖದಲ್ಲಿ ನಗು. 114ಕ್ಕೆ ಗೇಲ್ ಔಟಾದ.

ಅಣ್ಣ ಅಂಗಳದಲ್ಲಿ ಫೋನು ಮಾಡಿದ್ದು ಬುಕ್ಕಿಗೆ ಅಂತ ಗೊತ್ತಾಗಿದ್ದು ಎರಡು ದಿನ ಆದಮೇಲೆ. ಟ್ರ್ಯಾಕ್ಟರ್ ಕಂತಿಗೆ ಅಂತ ದೊಡ್ಡಪ್ಪ ಇಟ್ಟಿದ್ದ ಎಪ್ಪತ್ತು ಸಾವಿರ. ಗೆದ್ದೇಬಿಟ್ವಿ ಅನ್ನೋ ಹೊತ್ತಿನಲ್ಲಿ, ಗೆಲ್ಲೋ ತಂಡದ ಮೇಲೇ ಕಟ್ಟಿದ್ದ. ಒಂದಕ್ಕೆ ಎರಡು ಆಗುತ್ತೆ, ಎರಡು ಕಂತು ಒಟ್ಟಿಗೆ ಕಟ್ಟಿ ಅಪ್ಪನಿಗೆ ಒಂದು ವರ್ಷ ಉಸಿರಾಡೋಕೆ ಬಿಡ್ತೀನಿ ಅಂತ ಲೆಕ್ಕ. ಕೊನೇ ಓವರಿಗೆ 18 ಬೇಕಿತ್ತು. ಭುವನೇಶ್ವರ್ ಕುಮಾರ್ ಬೌಲಿಂಗ್. ಬಂದಿದ್ದು ಒಂಬತ್ತು.

ಫೈನಾನ್ಸಿನವರು ಬಂದು ಟ್ರ್ಯಾಕ್ಟರ್ ಒಯ್ದರು. ದೊಡ್ಡಮ್ಮನ ಎರಡು ಎಮ್ಮೆ ಹೋದವು. ದೊಡ್ಡಪ್ಪ ಬೈಯಲಿಲ್ಲ, ಹೊಡೀಲಿಲ್ಲ. ಮಾಳಿಗೆ ಹತ್ತಿ ಡಿಶ್ಶಿನ ವೈರು ಕಿತ್ತು ಕೆಳಗೆ ಹಾಕಿದ, ಅಷ್ಟೇ. ನಮ್ಮ ಮನೆತನದಲ್ಲಿ ಐಪಿಎಲ್ ಅನ್ನೋ ಶಬ್ದ ನಿಂತುಹೋಯ್ತು. ಅಣ್ಣ ಕ್ರಿಕೆಟ್ ನೋಡೋದು ಬಿಟ್ಟ. ಎರಡು ವರ್ಷ ರೈಸ್‌ಮಿಲ್ಲಿನಲ್ಲಿ ಹಮಾಲಿ ಮಾಡಿ ದುಡ್ಡು ತೀರಿಸಿದ. ನಾನು ಬೆಂಗಳೂರಿಗೆ ಬಂದೆ, ನನ್ನ ಮಾರ್ಚ್‌ಗಳನ್ನು ಇಲ್ಲೇ ಬಾಡಿಗೆ ರೂಮಿನಲ್ಲಿ ಕಳೆದೆ. ಊರಿಗೆ ಹೋಗೋವಾಗ ಆರ್‌ಸಿಬಿ ಟೀಶರ್ಟ್ ಬ್ಯಾಗಿಗೆ ಹಾಕ್ತಿರಲಿಲ್ಲ.

ಈಗ ಬುಕ್ಕಿಗೆ ಫೋನ್ ಮಾಡೋಕೆ ಅಂಗಳಕ್ಕೆ ಹೋಗಬೇಕಾಗಿಲ್ಲ. ಜೇಬಿನಲ್ಲೇ ಇದ್ದಾನೆ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಮ್ಮ ಸರ್ಕಾರ 2021ರಲ್ಲಿ ಕಾನೂನು ಮಾಡಿ ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನ ರದ್ದು ಮಾಡಿತು. ಓವರಿಗೊಂದು ಜಾಹೀರಾತು ಬರುತ್ತೆ, ನಾವು ಪೂಜೆ ಮಾಡೋ ಆಟಗಾರರೇ ಬಂದು ತಂಡ ಕಟ್ಟಿ ಅಂತಾರೆ, ಕೊನೆಗೆ ಒಂದು ಎಚ್ಚರಿಕೆಯನ್ನ ಉಸಿರು ಬಿಡದೆ ಓದಿ ಹೋಗ್ತಾರೆ. ನಮ್ಮ ಆಫೀಸಿನ ಗ್ರೂಪಿನಲ್ಲಿ ‘ತಲೆಗೆ ಐನೂರು’ ಅಂತ ಶುರುವಾಗಿದ್ದು ಹೋದ ವರ್ಷ ಪ್ಲೇಆಫ್ ಹೊತ್ತಿಗೆ ಎಲ್ಲಿಗೆ ಹೋಗಿತ್ತು ಅಂತ ಆ ಗ್ರೂಪಿನವರಿಗೆ ಗೊತ್ತು. ನಿಮ್ಮ ಗ್ರೂಪೂ ಬೇರೆ ಇರಲಿಕ್ಕಿಲ್ಲ.

ಹೋದ ಶುಕ್ರವಾರ, ಹೋಳಿ ಹುಣ್ಣಿಮೆಗೆ, ಕುರುಗೋಡು ಜಾತ್ರೆಗೆ ಅಂತ ಊರಿಗೆ ಹೋಗಿದ್ದೆ. ಕುರುಗೋಡು ನಮ್ಮಮ್ಮನ ತವರು. ಒಂದು ಕಾಲಕ್ಕೆ ಸಿಂದರ ರಾಜಧಾನಿ, ಈಗ ತಾಲೂಕು ಕೇಂದ್ರ. ಆದರೆ ಯಜಮಾನಿಕೆ ಎಲ್ಲಾ ಕಾಲಕ್ಕೂ ದೊಡ್ಡಬಸವೇಶ್ವರನದ್ದೇ, ಒಂದೇ ಕಲ್ಲಿನ ಆ ಭಾರೀ ನಂದಿ. ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಇಳಿದು, ರಾಯಲ್ ಸರ್ಕಲ್ ಹತ್ತಿರ ಫುಟ್‌ಪಾತಿನಲ್ಲಿ ಕೆಂಪು ಜೆರ್ಸಿಗಳ ರಾಶಿ ನೋಡಿ, ಕೊಳ್ಳದೇ ಬಸ್ಸು ಹತ್ತಿದೆ. ಹಾದಿಯುದ್ದಕ್ಕೂ ಕಾಲುವೆ ನೀರಿನ ಗದ್ದೆ, ಎರಡನೇ ಬೆಳೆ ಹಸಿರಾಗಿ ನಿಂತಿತ್ತು, ನಡುನಡುವೆ ಒಣಗೋಕೆ ಹಾಕಿದ ಮೆಣಸಿನಕಾಯಿ ಕಣಗಳು, ಜೆರ್ಸಿಗಿಂತ ಕೆಂಪು.

ಆ ಹಸಿರು ಸುಮ್ಮನೆ ಬಂದಿದ್ದಲ್ಲ. ಹೋದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಇಲ್ಲಿ ಯಾರೂ ಮಲಗಿರಲಿಲ್ಲ. ತುಂಬಿದ ಡ್ಯಾಮು ಕಣ್ಣ ಮುಂದೆ ಖಾಲಿಯಾಗ್ತಿತ್ತು. ಒಂದು ವಾರ ಹರಿಯೋ ನೀರಿನಲ್ಲೇ ನಿಂತು ಸ್ಟಾಪ್‌ಲಾಗ್ ಇಳಿಸಿ ಮುಚ್ಚಿದರು, ಆಮೇಲೆ ಮಳೆಯೂ ಕೈಹಿಡೀತು. ದೊಡ್ಡಪ್ಪ ಆ ವಾರ ದಿನಕ್ಕೆ ನಾಲ್ಕು ಸಲ ನನಗೆ ಫೋನ್ ಮಾಡಿ, “ನಿನ್ನ ಮೊಬೈಲಿನಾಗ ನೋಡಪಾ, ಎಷ್ಟು ಟಿಎಂಸಿ ಉಳೀತು” ಅಂತ ಕೇಳಿದ್ದ. ಸ್ಕೋರ್ ಕೇಳಿದಂಗೆ. ನಾನು ಹೇಳಿದ್ದನ್ನ ಹಿಂದಿನ ದಿನದ್ದಕ್ಕೆ ಹೋಲಿಸಿ ಸುಮ್ಮನೆ ಫೋನ್ ಇಡ್ತಿದ್ದ.

ರೈತನದ್ದು ಕಾಯೋದು, ಫ್ಯಾನಿನದ್ದೂ ಕಾಯೋದು, ಎರಡೂ ಒಂದೇ ಅಂತ ಬರೆದುಬಿಟ್ಟರೆ ಕೇಳೋಕೆ ಚೆಂದ ಇರುತ್ತೆ. ಆದರೆ ಒಂದೇ ಅಲ್ಲ. ದೊಡ್ಡಪ್ಪ ಕಾಯೋದು ಬೇರೆ ದಾರಿ ಇಲ್ಲದೇ. ನೀರು ಬರದಿದ್ದರೆ ಅವನ ವರ್ಷವೇ ಇಲ್ಲ. ನನ್ನ ತಂಡ ಸೋತರೆ ನನಗೆ ಆಗೋದೇನು? ಒಂದು ರಾತ್ರಿ ನಿದ್ದೆ ಹೋಗುತ್ತೆ, ಗೆಳೆಯನ ಮೆಸೇಜ್ ಬರುತ್ತೆ, ಬೆಳಿಗ್ಗೆ ಸ್ಟ್ಯಾಂಡಪ್ ಕಾಲ್ ಇದ್ದೇ ಇರುತ್ತೆ. ಫ್ಯಾನಿನ ಕಾಯುವಿಕೆ ಪುಕ್ಕಟೆ. ಅದರ ರುಚಿ ಇರೋದೇ ಅದರಲ್ಲಿ. ಬರಗಾಲದ ಆ ಮೇ ತಿಂಗಳಿನಲ್ಲಿ ಅಣ್ಣನಿಗೆ ಗದ್ದೆಯಲ್ಲಿ ಕಾಯೋಕೆ ಏನೂ ಇರಲಿಲ್ಲ. ಹಂಗಾಗಿ ಗದ್ದೆಯ ಭಾರವನ್ನ ತಂದು ಆಟದ ಮೇಲಿಟ್ಟ. ಇಷ್ಟು ತಿಳ್ಕೊಳ್ಳೋಕೆ ನನಗೆ ಒಂಬತ್ತು ವರ್ಷ ಬೇಕಾಯ್ತು. ದುಡ್ಡು ಕಟ್ಟಿದ ಕ್ಷಣದಿಂದ ತಂಡ ಹೋಗುತ್ತೆ, ರೇಟು ಉಳಿಯುತ್ತೆ. ಹಂಗೆ ಕಟ್ಟೋನಿಗೆ ಮಾರ್ಚ್ ಅನ್ನೋ ತಿಂಗಳೇ ಇಲ್ಲ. ಅವನಿಗೆ ಇರೋದು ಮ್ಯಾಚು ಮುಗಿಯೋ ರಾತ್ರಿ ಹನ್ನೊಂದೂವರೆ ಮಾತ್ರ.

ಜಾತ್ರೆಯಲ್ಲಿ ಸಂಜೆ ತೇರು ಎಳೆಯೋ ಹೊತ್ತಿಗೆ ಕಾಲಿಡೋಕೆ ಜಾಗ ಇರಲಿಲ್ಲ. ಬಾಳೆಹಣ್ಣು, ಉತ್ತತ್ತಿ ತೇರಿನ ಮೇಲೆ ಎಸೆಯೋ ಪದ್ಧತಿ ನಿಮಗೆ ಗೊತ್ತಲ್ಲ. ನಮ್ಮ ಮುಂದೆ ಹತ್ತನೇ ಕ್ಲಾಸಿನ ಹುಡುಗರ ಗುಂಪು, ಒಂದೊಂದು ಬಾಳೆಹಣ್ಣಿನ ಮೇಲೂ ಬಾಲ್‌ಪೆನ್ನಿನಲ್ಲಿ ಬರೀತಿದ್ದರು. ಒಬ್ಬ ‘ಎಸ್ಸೆಸ್ಸೆಲ್ಸಿ ಪಾಸು’ ಅಂತ. ಮಾರ್ಚ್ 21ಕ್ಕೆ ಪರೀಕ್ಷೆ ಶುರು, 22ಕ್ಕೆ ಐಪಿಎಲ್ ಶುರು, ಪಾಪ ದೇವರು ಯಾವುದನ್ನ ಮೊದಲು ನೋಡ್ತಾನೆ? ಇನ್ನೊಬ್ಬ ‘ಆರ್‌ಸಿಬಿ ಕಪ್’ ಅಂತ ಬರೆದು, ಜಾಗ ಸಾಲದೇ ಹಣ್ಣು ತಿರುಗಿಸಿ ‘ಈ ಸಲ’ ಅಂತ ಸೇರಿಸಿದ. ಗುರಿಯಿಟ್ಟು ಎಸೆದ. ಕಳಸದ ಕೆಳಗೆ ಬಡಿದು ಯಾರದ್ದೋ ತಲೆ ಮೇಲೆ ಬಿತ್ತು. ಹುಡುಗರು ಕೇಕೆ ಹಾಕಿದರು.

ಪಕ್ಕದಲ್ಲಿದ್ದ ಅಣ್ಣ ನಕ್ಕ. ಆಮೇಲೆ ತೇರಿನ ಕಡೆಯೇ ನೋಡ್ತಾ ಕೇಳಿದ, “ತಮ್ಮಾ, ಈ ಸಲ ಟೀಮು ಹೆಂಗೈತೋ?”

ಒಂಬತ್ತು ವರ್ಷದಲ್ಲಿ ಮೊದಲ ಸಲ. ಏನು ಹೇಳಬೇಕು ಗೊತ್ತಾಗಲಿಲ್ಲ. ಹೇಜಲ್‌ವುಡ್ ಅನ್ನಲೇ, ಪಾಟಿದಾರ್ ಅನ್ನಲೇ. ಬಾಯಿಗೆ ಬಂದಿದ್ದು ಬೇರೆ.

“ಭುವನೇಶ್ವರ್ ನಮ್ಮ ಕಡೆ ಬಂದಾನ ಅಣ್ಣಾ.”

ಅಣ್ಣ ತಿರುಗಿ ನೋಡಿದ. “ಯಾವನು? ಅವತ್ತು ಕೊನೇ ಓವರ್ ಹಾಕಿದವನಾ?”

“ಹೂಂ. ಅವನೇ. ಹತ್ತೂಮುಕ್ಕಾಲು ಕೋಟಿ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ, “ಬರ್ಲಿ ಬಿಡು. ಅವನೂ ನಮಗೆ ಒಂದು ಓವರ್ ಕೊಡಬೇಕು.”

ತೇರು ಪಾದಗಟ್ಟೆ ಮುಟ್ಟಿ ವಾಪಸ್ ಬರೋ ತನಕ ನಾವು ಅದೇ ಮಾತಾಡಿದ್ವಿ. ಸಾಲ್ಟ್ ಜೊತೆ ಓಪನಿಂಗ್ ಯಾರು, ಟಿಮ್ ಡೇವಿಡ್ ಎಷ್ಟನೇ ನಂಬರು, ಪಾಂಡ್ಯನಿಗೆ ನಾಲ್ಕೂ ಓವರ್ ಕೊಡಬೇಕೋ ಬೇಡವೋ. ಅಣ್ಣನಿಗೆ ಅರ್ಧ ಹೆಸರು ಹೊಸವು. ಆದರೂ ಐದು ನಿಮಿಷದಲ್ಲಿ ಅಭಿಪ್ರಾಯ ತಯಾರಾಗಿತ್ತು. ದುಡ್ಡಿನ ಮಾತು ಒಂದೂ ಇರಲಿಲ್ಲ. ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಅವನ ಮಗಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಹದಿನಾಲ್ಕು ಮ್ಯಾಚು ಬರೆದ. ಒಂದನೇ ನಂಬರು, ಕೋಲ್ಕತ್ತ. ಪಕ್ಕದಲ್ಲಿ ‘ಗೆ’. ಮಗಳು, “ಅಪ್ಪಾ, ಎಲ್ಲಾದಕ್ಕೂ ಗೆ ಅಂತ ಬರದೀಯಲ್ಲಾ” ಅಂದಳು. ಎಣಿಸಿ ನೋಡಿ, ಮುಂಬೈ ಮುಂದೆ ಒಂದು ‘ಸೋ’ ಮಾಡಿದ. ಅವಳ ಸಮಾಧಾನಕ್ಕೆ.

ನಾವು ಈ ವರ್ಷ ಗೆಲ್ತೀವೋ ಇಲ್ವೋ ನನಗೆ ಗೊತ್ತಿಲ್ಲ. ಕೋಲ್ಕತ್ತದಲ್ಲಿ 49ಕ್ಕೆ ಔಟಾದ ತಂಡ ನಮ್ಮದು, ಶನಿವಾರ ರಾತ್ರಿ ಹತ್ತು ಗಂಟೆಗೇ ಈ ಬರಹ ಹಳಸಬಹುದು. ನನ್ನ ಗೆಳೆಯ ಆಗಲೇ ಹದಿನಾಲ್ಕು ರನ್ನಿನ ನೋಟಿಸು ಕಳಿಸಿದ್ದಾನೆ. ಆದರೆ ಇವತ್ತು ಬುಧವಾರ. ಪಟ್ಟಿಯ ತುಂಬಾ ಸೊನ್ನೆ. ಯಾರಿಗೂ ಗಾಯ ಆಗಿಲ್ಲ, ಯಾರೂ ಕ್ಯಾಚು ಬಿಟ್ಟಿಲ್ಲ, ಭುವನೇಶ್ವರ್ ಇನ್ನೂ ಒಂದು ವೈಡ್ ಕೂಡಾ ಹಾಕಿಲ್ಲ.

ಇದನ್ನ ಬರೀತಿರೋವಾಗ್ಲೇ ಅಣ್ಣನ ಫೋನು. ಶನಿವಾರ ಬರ್ತೀಯೇನು, ಪಡಸಾಲೆಗೆ ಟಿವಿ ತಂದಿಟ್ಟೀನಿ ಅಂದ. ದೊಡ್ಡಪ್ಪ ಏನಂದ ಅಂತ ಕೇಳಿದೆ. “ಏನೂ ಅನ್ಲಿಲ್ಲ. ಏಣಿ ಹಿಡ್ಕೊಂಡ.” ಮತ್ತೆ ಕೇಳಿದ, “ಡಿಶ್ಶಿಗೆ ಸ್ಪೋರ್ಟ್ಸ್ ಚಾನೆಲ್ ಹಾಕಿಸ್ಬೇಕು. ಎರಡು ತಿಂಗಳಿಗೆ ಸಾಕಲ್ಲ?”

ಮಾರ್ಚ್ 22ರಿಂದ ಎರಡು ತಿಂಗಳು ಅಂದ್ರೆ ಮೇ 22. ಫೈನಲ್ಲು ಮೇ 25ಕ್ಕೆ.

“ಸಾಲಲ್ಲ ಅಣ್ಣಾ” ಅಂದೆ. “ಮೂರು ತಿಂಗಳಿಗೇ ಹಾಕ್ಸು.”